ರಾಗಿಯೋ, ನೆಲ್ಲಿಯೋ, ಕಾಫಿಯೋ, ಕ್ಯಾಪ್ಸೂಲೋ: ಸಸ್ಯ ಪಾಲಿಫಿನಾಲ್‌ಗಳಿಗಾಗಿ ಯಾವುದನ್ನು ಆರಿಸಿಕೊಳ್ಳಬೇಕು?

ಮೈಸೂರಿನ ಯಾವುದೇ ದೊಡ್ಡ ಔಷಧಿ ಅಂಗಡಿಗೋ ಸಾವಯವ ಮಳಿಗೆಗೋ ಹೋದರೆ ದ್ರಾಕ್ಷಿ ಬೀಜದ ಸಾರದ ಮಾತ್ರೆ, ಗ್ರೀನ್ ಟೀ ಕ್ಯಾಪ್ಸೂಲ್, ಅರಿಶಿನದಿಂದ ತೆಗೆದ ಕರ್ಕ್ಯುಮಿನ್, ನೇರಳೆ ಬೀಜದ ಪುಡಿ, ನುಗ್ಗೆ ಸೊಪ್ಪಿನ ಪುಡಿ, ನೆಲ್ಲಿಕಾಯಿ ರಸದ ಬಾಟಲಿ ಎಲ್ಲವೂ ಒಂದೇ ಕಪಾಟಿನಲ್ಲಿ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಮೇಲೆ ಪಾಲಿಫಿನಾಲ್ ಎಂದೋ ಆಂಟಿಆಕ್ಸಿಡೆಂಟ್ ಎಂದೋ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಇದೇ ಕುಟುಂಬಕ್ಕೆ ಸೇರಿದ ವಸ್ತುಗಳು ಮಂಡ್ಯದ ಸಾಮಾನ್ಯ ಮನೆಯ ರಾಗಿ ಡಬ್ಬದಲ್ಲಿ, ಹುರುಳಿ ಚೀಲದಲ್ಲಿ, ಈರುಳ್ಳಿ ಬುಟ್ಟಿಯಲ್ಲಿ, ಬೆಳಗಿನ ಡಿಕಾಕ್ಷನ್‌ನಲ್ಲಿಯೂ ಇರುತ್ತವೆ. ಅವುಗಳ ಮೇಲೆ ಚೀಟಿ ಅಂಟಿಸಿರುವುದಿಲ್ಲ ಅಷ್ಟೆ. ಕೈಯಲ್ಲಿರುವ ಹಣವನ್ನೂ ಹೊಟ್ಟೆಯಲ್ಲಿರುವ ಜಾಗವನ್ನೂ ಯಾವುದಕ್ಕೆ ಕೊಡಬೇಕೆಂದು ಯೋಚಿಸುವವರಿಗೆ, ಈ ಎರಡು ಜಿಲ್ಲೆಗಳಲ್ಲಿ ಸುಲಭವಾಗಿ ದೊರೆಯುವ ಆಯ್ಕೆಗಳನ್ನು ಒಂದರ ಎದುರು ಒಂದನ್ನಿಟ್ಟು ನೋಡುವುದು ಈ ಬರಹದ ಕೆಲಸ.

ಯಾವ ಅಳತೆಯಿಂದ ಹೋಲಿಸಬೇಕು

ಗಿಡಗಳು ಬಿಸಿಲು, ಕೀಟ ಮತ್ತು ಶಿಲೀಂಧ್ರಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ತಯಾರಿಸುವ ಸಂಯುಕ್ತಗಳಲ್ಲಿ ಪಾಲಿಫಿನಾಲ್‌ಗಳದು ಬಹು ದೊಡ್ಡ ಗುಂಪು. ಇಲ್ಲಿಯವರೆಗೆ ಎಂಟು ಸಾವಿರಕ್ಕೂ ಹೆಚ್ಚು ರಚನೆಗಳನ್ನು ಗುರುತಿಸಲಾಗಿದೆ. ನೇರಳೆ ಹಣ್ಣಿನ ಕಡುಬಣ್ಣ, ಚಹಾದ ಒಗರು, ಅರಿಶಿನದ ಹಳದಿ, ಕಾಫಿಯ ಕಹಿಯ ಒಂದು ಪಾಲು, ಇವೆಲ್ಲ ಈ ಗುಂಪಿನವೇ. ಇವುಗಳ ಮೇಲೆ ವೈದ್ಯಲೋಕದ ಕಣ್ಣು ಬೀಳುವುದಕ್ಕೆ ಮುಖ್ಯ ಕಾರಣಗಳಲ್ಲೊಂದು, 1993ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಜ಼ುಟ್‌ಫೆನ್ ಪಟ್ಟಣದ ಅಧ್ಯಯನ. 65ರಿಂದ 84 ವರ್ಷದ ಗಂಡಸರ ಆಹಾರವನ್ನು ಪರಿಶೀಲಿಸಿದಾಗ, ಚಹಾ, ಈರುಳ್ಳಿ ಮತ್ತು ಸೇಬಿನ ಮೂಲಕ ಪಾಲಿಫಿನಾಲ್‌ಗಳದೇ ಒಂದು ಉಪಗುಂಪಾದ ಫ್ಲೇವನಾಯ್ಡ್ ಅನ್ನು ಹೆಚ್ಚು ಪಡೆಯುತ್ತಿದ್ದವರಲ್ಲಿ ಹೃದ್ರೋಗದ ಸಾವು ಕಡಿಮೆ ಇದ್ದದ್ದು ಅದರಲ್ಲಿ ಕಂಡುಬಂತು. ಇದು ಜನರ ಜೀವನಕ್ರಮವನ್ನು ಗಮನಿಸಿ ಬರೆದುಕೊಂಡ ಲೆಕ್ಕವಾದ್ದರಿಂದ, ಆರೋಗ್ಯವನ್ನು ಕಾಪಾಡಿದ್ದು ಫ್ಲೇವನಾಯ್ಡೋ ಅಥವಾ ಅವರ ಇತರ ಅಭ್ಯಾಸಗಳೋ ಎಂಬ ಪ್ರಶ್ನೆ ಉಳಿದೇ ಇದೆ. ನಂತರ ಬಂದ ಇಂಥ ಹಲವು ಅಧ್ಯಯನಗಳಿಗೂ ಇದೇ ಮಿತಿ ಅನ್ವಯಿಸುತ್ತದೆ.

ಅಂಗಡಿಯ ಚೀಟಿಗಳು ಹೇಳುವ ಆಂಟಿಆಕ್ಸಿಡೆಂಟ್ ಅಂಕವನ್ನು ಹೋಲಿಕೆಗೆ ಬಳಸದಿರುವುದೇ ಒಳ್ಳೆಯದು. ಗಾಜಿನ ನಳಿಕೆಯಲ್ಲಿ ಅಳೆಯುವ ಓರಾಕ್ ಎಂಬ ಅಂಕಗಳ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ಇಟ್ಟುಕೊಂಡಿತ್ತು. ಆ ಅಂಕಗಳಿಗೂ ಮನುಷ್ಯನ ಶರೀರದೊಳಗೆ ಆಗುವುದಕ್ಕೂ ನೇರ ಸಂಬಂಧವಿಲ್ಲವೆಂದೂ, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡಿಕೊಳ್ಳುತ್ತಿವೆಯೆಂದೂ ಹೇಳಿ 2012ರಲ್ಲಿ ಅದನ್ನು ತೆಗೆದುಹಾಕಿತು. ನಾವು ತಿಂದ ಪಾಲಿಫಿನಾಲ್‌ಗಳಲ್ಲಿ ಸಣ್ಣ ಕರುಳಿನಲ್ಲಿ ಹೀರಲ್ಪಡುವುದು ಶೇಕಡ 5ರಿಂದ 10ರಷ್ಟು ಮಾತ್ರ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಉಳಿದದ್ದು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಒಡೆದು, ಬೇರೆಯೇ ರೂಪದಲ್ಲಿ ರಕ್ತವನ್ನು ಸೇರುತ್ತದೆ. ರಕ್ತಕ್ಕೆ ಸೇರಿದ್ದರಲ್ಲಿ ಹೆಚ್ಚಿನದು ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಹೊರಹೋಗುವುದರಿಂದ, ವಾರಕ್ಕೊಮ್ಮೆ ದುಬಾರಿ ಹಣ್ಣನ್ನು ಬಟ್ಟಲುಗಟ್ಟಲೆ ತಿನ್ನುವುದಕ್ಕಿಂತ ದಿನನಿತ್ಯದ ಊಟದಲ್ಲಿ ಸ್ವಲ್ಪಸ್ವಲ್ಪ ಇರುವುದು ಮೇಲು.

ಹಾಗಾಗಿ ಪ್ರತಿಯೊಂದು ಆಯ್ಕೆಯ ಮುಂದೆಯೂ ಕೇಳಬೇಕಾದ ಪ್ರಶ್ನೆಗಳು ಬೇರೆ. ನಾವು ನಿಜವಾಗಿ ತಿನ್ನುವ ಪ್ರಮಾಣದಲ್ಲಿ ಅದರಿಂದ ಎಷ್ಟು ದೊರೆಯುತ್ತದೆ, ಅದರ ಜೊತೆಗೆ ನಾರು ಬರುತ್ತದೆಯೋ ಸಕ್ಕರೆ ಬರುತ್ತದೆಯೋ, ಇಲಿಗಳಲ್ಲಲ್ಲದೆ ಮನುಷ್ಯರಲ್ಲಿ ಪರೀಕ್ಷೆಯಾಗಿದೆಯೇ, ಮತ್ತು ಬೇರೆ ಯಾವ ಪೋಷಕಾಂಶಕ್ಕೆ ಅಥವಾ ಔಷಧಿಗೆ ಅದು ಅಡ್ಡ ಬರುತ್ತದೆ? ಪಾಲಿಫಿನಾಲ್ ಹೆಚ್ಚಿದ್ದರೆ ಸಾಕೆಂದು ಲೆಕ್ಕ ಹಾಕುವವರು ಅಡಿಕೆಯನ್ನು ನೆನೆಯಬೇಕು. ಅಡಿಕೆ ಬೇಯಿಸಿದಾಗ ಬಿಡುವ ಚೊಗರು ಟ್ಯಾನಿನ್ ಎಂಬ ಒಗರಿನ ಪಾಲಿಫಿನಾಲ್‌ನಿಂದಲೇ ತುಂಬಿರುತ್ತದೆ, ಚಹಾದಲ್ಲಿಯೂ ಇರುವ ಕ್ಯಾಟೆಚಿನ್ ಎಂಬ ಪಾಲಿಫಿನಾಲ್‌ಗಳೂ ಅಡಿಕೆಯಲ್ಲಿ ಧಾರಾಳವಾಗಿವೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2004ರ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಮೈಸೂರು ವೀಳ್ಯದೆಲೆಯ ಗುಣಗಾನ ಮಾಡುವವರು ಎಲೆಯನ್ನು ಮಾತ್ರ ತಿನ್ನುವುದು ಅಪರೂಪವಾದ್ದರಿಂದ ಈ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ರಾಗಿ: ಕಂದೋ ಬಿಳಿಯೋ, ಜರಡಿ ಹಿಡಿದದ್ದೋ ಹಿಡಿಯದ್ದೋ

ಮಂಡ್ಯದ ಊಟದಲ್ಲಿ ಪಾಲಿಫಿನಾಲ್‌ನ ಅತಿ ದೊಡ್ಡ ದೈನಂದಿನ ಮೂಲಗಳಲ್ಲಿ ರಾಗಿಯೂ ಒಂದು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಈ ಧಾನ್ಯದ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದೆ. ರಾಗಿಯ ಪಾಲಿಫಿನಾಲ್‌ಗಳಲ್ಲಿ ಬಹುಪಾಲು ಕಾಳಿನ ಹೊರಪದರದಲ್ಲಿಯೇ ಸೇರಿಕೊಂಡಿವೆ ಎಂಬುದನ್ನೂ, ಆ ಪದರದಿಂದ ತೆಗೆದ ಸಾರವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆ ಎಂಬುದನ್ನೂ ಅಲ್ಲಿನ ವಿಜ್ಞಾನಿಗಳು ತೋರಿಸಿದ್ದಾರೆ. ಕಂದು ಬಣ್ಣದ ಕಾಳಿನಲ್ಲಿ ಬಿಳಿ ಕಾಳಿಗಿಂತ ಕೆಲವು ಪಟ್ಟು ಹೆಚ್ಚು ಪಾಲಿಫಿನಾಲ್ ಇರುತ್ತದೆ.

ಇಲ್ಲಿ ಮಂಡ್ಯದವರಿಗೆ ಒಂದು ನಿಜವಾದ ಆಯ್ಕೆ ಎದುರಾಗುತ್ತದೆ. ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ವಿಶ್ವೇಶ್ವರಯ್ಯ ನಾಲಾ ಕ್ಷೇತ್ರ, ಅಂದರೆ ಎಲ್ಲರ ಬಾಯಲ್ಲಿ ವಿ.ಸಿ. ಫಾರಂ ಆಗಿರುವ ಆ ಕೇಂದ್ರದಿಂದಲೇ ಕೆಎಂಆರ್-340 ಎಂಬ ಬಿಳಿ ರಾಗಿಯೂ ಬಂದಿದೆ. ಬಿಸ್ಕತ್ತು, ಬ್ರೆಡ್ಡು, ಶ್ಯಾವಿಗೆಗಳಲ್ಲಿ ಅದರ ತಿಳಿ ಬಣ್ಣ ಚೆನ್ನಾಗಿ ಒಪ್ಪುತ್ತದೆ, ರಾಗಿಯ ಕಪ್ಪನ್ನು ಕಂಡು ಮುಖ ತಿರುಗಿಸುವ ಮಕ್ಕಳೂ ತಿನ್ನುತ್ತಾರೆ. ಪಾಲಿಫಿನಾಲ್ ಒಂದನ್ನೇ ನೋಡುವುದಾದರೆ ಜಿಪಿಯು-28ರಂಥ ಕಂದು ರಾಗಿಯೇ ಮುಂದೆ. ಆದರೆ ಟ್ಯಾನಿನ್ ಕಡಿಮೆಯಾದಷ್ಟೂ ಕಬ್ಬಿಣಾಂಶ ದೇಹಕ್ಕೆ ಸೇರುವುದಕ್ಕೆ ಇರುವ ಅಡ್ಡಿಯೂ ಕಡಿಮೆಯಾಗುತ್ತದೆ ಎಂಬುದನ್ನು ಬಿಳಿ ರಾಗಿಯ ಪರವಾಗಿ ಹೇಳಲೇಬೇಕು. ದೊಡ್ಡವರ ಮುದ್ದೆಗೆ ಕಂದು ರಾಗಿ, ಎಳೆಯ ಮಕ್ಕಳ ತಿನಿಸಿಗೆ ಬಿಳಿ ರಾಗಿ ಎಂದು ಎರಡನ್ನೂ ಮನೆಯಲ್ಲಿಡಲು ಸಾಧ್ಯವಿರುವವರು ಹಾಗೆ ಮಾಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಹಂಚಿಕೆ.

ತಳಿಗಿಂತಲೂ ದೊಡ್ಡ ವ್ಯತ್ಯಾಸ ಜರಡಿಯಲ್ಲಿ ಆಗುತ್ತದೆ. ಮಿಲ್ಲಿನಲ್ಲಿ ಬೀಸಿಸಿಕೊಂಡು ತಂದ ಹಿಟ್ಟನ್ನು ನಯವಾದ ಜರಡಿಯಲ್ಲಿ ಹಿಡಿದಾಗ ಮೇಲೆ ಉಳಿಯುವ ಕಂದು ತರಿಯಲ್ಲಿಯೇ ಹೊರಪದರದ ದೊಡ್ಡ ಪಾಲು ಇರುತ್ತದೆ; ಅದನ್ನು ಕೋಳಿಗೋ ಹಸುವಿನ ಮುಸುರೆಗೋ ಹಾಕಿದರೆ ಪಾಲಿಫಿನಾಲ್ ಮತ್ತು ನಾರು ಎರಡೂ ಹಟ್ಟಿ ಸೇರಿದಂತೆಯೇ. ಜರಡಿ ಹಿಡಿದ ಹಿಟ್ಟಿನ ಮುದ್ದೆ ನುಣುಪಾಗಿ ಗಂಟಲಲ್ಲಿ ಜಾರುತ್ತದೆ ಎಂಬುದು ನಿಜ. ಹಿಡಿಯದ ಹಿಟ್ಟಿನಲ್ಲಿ ಕೋಲು ಸ್ವಲ್ಪ ಹೆಚ್ಚು ಹೊತ್ತು ಆಡಿಸಬೇಕಾಗುತ್ತದೆ, ನೀರೂ ಕೊಂಚ ಹೆಚ್ಚು ಬೇಡುತ್ತದೆ, ಆದರೆ ಒಂದೆರಡು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಮೊಳಕೆ ಬರಿಸಿ ಒಣಗಿಸಿ ಬೀಸಿದ ರಾಗಿಯಲ್ಲಿ ಪಾಲಿಫಿನಾಲ್ ಮತ್ತು ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಎರಡೂ ತಗ್ಗುತ್ತವೆ, ಖನಿಜಗಳ ಲಭ್ಯತೆ ಹೆಚ್ಚುತ್ತದೆ. ಕೂಸಿಗೆ ತಿನ್ನಿಸುವ ರಾಗಿ ಸರಿಗೆ ಇದೇ ಬೇಕು, ಏಕೆಂದರೆ ಆ ವಯಸ್ಸಿನಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮುಖ್ಯ, ಪಾಲಿಫಿನಾಲ್ ಗುರಿಯೇ ಆಗಬಾರದು. 2017ರ ಭಾರತೀಯ ಆಹಾರ ಸಂಯೋಜನೆಯ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ ಇದೆ. ಕಾಳಿನಲ್ಲಿ ಇರುವುದೆಲ್ಲ ದೇಹಕ್ಕೆ ಸೇರುತ್ತದೆ ಎಂದು ಇದರ ಅರ್ಥವಲ್ಲ. ಇನ್ನು ಸಕ್ಕರೆ ಕಾಯಿಲೆಯವರ ಬಗ್ಗೆ ಒಂದು ಎಚ್ಚರಿಕೆ: ಕಿಣ್ವವನ್ನು ತಡೆಯುವ ಗುಣ ಪ್ರಯೋಗಾಲಯದ ಸಾರದಲ್ಲಿ ಕಂಡದ್ದು, ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ ಕಟ್ಟಿದ ಮುದ್ದೆಯ ಪಿಷ್ಟ ಬೇಗನೆ ಜೀರ್ಣವಾಗುತ್ತದೆ. ರಾಗಿಯೆಂಬ ಧೈರ್ಯದಲ್ಲಿ ಎರಡು ದೊಡ್ಡ ಮುದ್ದೆ ನುಂಗಿದರೆ ಗ್ಲೂಕೋಮೀಟರು ಅದನ್ನು ತೋರಿಸಿಯೇ ತೋರಿಸುತ್ತದೆ. ಮುದ್ದೆಯ ಗಾತ್ರ ಮತ್ತು ಅದರ ಜೊತೆಗಿನ ಕಾಳು, ಸೊಪ್ಪುಗಳ ಪ್ರಮಾಣ ಇಲ್ಲಿ ನಿರ್ಣಾಯಕ.

ಅಕ್ಕಿಯನ್ನು ಬಿಡಲಾಗದ ಮೈಸೂರಿನ ಮನೆಗಳಿಗೆ ರಾಜಮುಡಿಯಂಥ ಕೆಂಪು ಅಕ್ಕಿಗಳು ಮಧ್ಯಮ ಮಾರ್ಗ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿರುವುದು ಈ ಭಾಗದವರಿಗೆ ಗೊತ್ತಿರುವ ಸಂಗತಿ. ಆದರೆ ಕೆಂಪು ಅಕ್ಕಿಯ ಪಾಲಿಫಿನಾಲ್ ಇರುವುದು ತೌಡಿನಲ್ಲಿ. ಪಾಲಿಷ್ ಮಾಡಿಸಿ ಬೆಳ್ಳಗಾಗಿಸಿದ ರಾಜಮುಡಿಗೆ ಹೆಚ್ಚು ಬೆಲೆ ಕೊಡುವುದು ರುಚಿಗಾಗಿ ಎಂದಾದರೆ ತಕರಾರಿಲ್ಲ.

ಹುರುಳಿ, ಅವರೆ ಮತ್ತು ಬಸಿದ ನೀರು

ಕಾಳುಗಳಲ್ಲಿಯೂ ಸಿಪ್ಪೆಯೇ ಪ್ರಧಾನ. ಹುರುಳಿ, ಅಲಸಂದೆ, ಕಡಲೆ, ಶೇಂಗಾ ಇವುಗಳ ಬಣ್ಣದ ಸಿಪ್ಪೆಯಲ್ಲಿ ಪಾಲಿಫಿನಾಲ್‌ಗಳು ದಟ್ಟವಾಗಿರುತ್ತವೆ. ಸಿಪ್ಪೆ ತೆಗೆದ ಬೇಳೆಯಲ್ಲಿ ಅವು ಬಹಳಷ್ಟು ಇಳಿದಿರುತ್ತವೆ. ಈ ಲೆಕ್ಕದಲ್ಲಿ ಹಿದುಕಿದ ಅವರೆಬೇಳೆಗಿಂತ ಇಡೀ ಅವರೆಕಾಳು ಮೇಲಾಗುತ್ತದೆ, ಆದರೆ ಸೊಗಡಿನ ಅವರೆ ಬರುವ ಕೆಲವೇ ವಾರಗಳಲ್ಲಿ ಹಿದುಕವರೆ ಸಾರನ್ನು ಈ ಕಾರಣಕ್ಕೆ ಬಿಡಿ ಎಂದು ಹೇಳುವಷ್ಟು ಕಠಿಣ ಮನಸ್ಸು ನನಗಿಲ್ಲ.

ಬೇಯಿಸುವಾಗ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹುರುಳಿಯನ್ನು ಉಕ್ಕುವ ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೆ ನೀರು ತಿಳಿ ಕಂದಾಗುತ್ತದೆ. ಕಾಳು ಮೆತ್ತಗಾಗುವ ಹೊತ್ತಿಗೆ ಅದು ಗಾಢವಾಗಿ, ನಾಲಿಗೆಗೆ ತುಸು ಒಗರಾಗಿ, ಅಂಚಿನಲ್ಲಿ ನೊರೆ ಕಟ್ಟುತ್ತದೆ. ನೀರಿಗೆ ಬಣ್ಣ ಮತ್ತು ಒಗರು ಕೊಟ್ಟಿರುವುದರಲ್ಲಿ ಸಿಪ್ಪೆಯಿಂದ ಕರಗಿ ಬಂದ ಪಾಲಿಫಿನಾಲ್‌ಗಳ ಪಾಲು ದೊಡ್ಡದು. ಕಾಳನ್ನು ಬಸಿದು ನೀರನ್ನು ಚೆಲ್ಲುವ ಅಡುಗೆಯಲ್ಲಿ ಅದೆಲ್ಲ ಬಚ್ಚಲಿಗೆ ಹೋಗುತ್ತದೆ. ಮಂಡ್ಯದ ಬಸ್ಸಾರಿನಲ್ಲಿ ಹಾಗಾಗುವುದಿಲ್ಲ: ಕಾಳು ಮತ್ತು ಸೊಪ್ಪನ್ನು ಬೇಯಿಸಿ, ಪಾತ್ರೆಯ ಬಾಯಿಗೆ ತಟ್ಟೆ ಅಡ್ಡಹಿಡಿದು ಬಸಿದ ಆ ಕಟ್ಟೇ ಸಾರಿಗೆ ಮೂಲ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ತೆಂಗಿನಕಾಯಿ ಅರೆದ ಖಾರವನ್ನು ಅದಕ್ಕೇ ಬೆರೆಸುತ್ತಾರೆ, ಉಳಿದ ಕಾಳುಸೊಪ್ಪು ಪಲ್ಯವಾಗುತ್ತದೆ. ಉಪ್ಸಾರಿನ ಕಥೆಯೂ ಇದೇ. ಪಾಲಿಫಿನಾಲ್‌ಗಾಗಿ ಒಂದು ಅಡುಗೆಯನ್ನು ಆರಿಸಿ ಎಂದರೆ ನಾನು ದುಬಾರಿ ಹಣ್ಣಿನ ರಸಗಳನ್ನೆಲ್ಲ ಬಿಟ್ಟು ಹುರುಳಿ ಬಸ್ಸಾರನ್ನೇ ಆರಿಸುತ್ತೇನೆ: ಅಗ್ಗ, ಸಕ್ಕರೆಯಿಲ್ಲ, ನಾರು ಮತ್ತು ಸಸಾರಜನಕ ಧಾರಾಳ, ದಿನವೂ ತಿಂದರೂ ಬೇಸರವಾಗದು. ಉಪ್ಪನ್ನು ಹಿಡಿತದಲ್ಲಿಡಬೇಕು, ಮುಖ್ಯವಾಗಿ ಉಪ್ಸಾರಿನ ಖಾರದಲ್ಲಿ.

ನೆನೆಸಿದ ನೀರಿನ ಪ್ರಶ್ನೆ ಬೇರೆ. ರಾತ್ರಿ ನೆನೆಸಿ ಆ ನೀರನ್ನು ಚೆಲ್ಲಿದರೆ ಪಾಲಿಫಿನಾಲ್ ಒಂದಿಷ್ಟು ಹೋಗುತ್ತದೆ, ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳೂ ಹೋಗುತ್ತವೆ. ಹುರುಳಿ ತಿಂದರೆ ಹೊಟ್ಟೆ ಕಟ್ಟಿದಂತಾಗುವವರು ಧಾರಾಳವಾಗಿ ಚೆಲ್ಲಲಿ.

ಈರುಳ್ಳಿಯ ಬಗ್ಗೆ ಎರಡೇ ಮಾತು: ಕ್ವೆರ್ಸೆಟಿನ್ ಎಂಬ ಪಾಲಿಫಿನಾಲ್ ಕೆಂಪು ಈರುಳ್ಳಿಯಲ್ಲಿ ಬಿಳಿಯದಕ್ಕಿಂತ ಹೆಚ್ಚು, ಅದರಲ್ಲಿಯೂ ಹೊರಗಿನ ಪದರಗಳಲ್ಲಿ ಹೆಚ್ಚು. ಒಣ ಸಿಪ್ಪೆಯ ಜೊತೆಗೆ ಮೊದಲ ತಿರುಳಿನ ಪದರವನ್ನೂ ಕಿತ್ತೆಸೆಯುವ ಅಭ್ಯಾಸವಿದ್ದರೆ ಬಿಡುವುದು ಲಾಭ. ಬೀಟ್‌ರೂಟ್ ಮತ್ತು ಕೆಂಪು ದಂಟಿನ ಸೊಪ್ಪಿನ ಬಣ್ಣ ಬೀಟಾಲಿನ್‌ಗಳದು, ಕ್ಯಾರೆಟ್ ಮತ್ತು ಟೊಮೇಟೊ ಬಣ್ಣ ಕೆರೋಟಿನಾಯ್ಡ್‌ಗಳದು. ಅವೂ ಒಳ್ಳೆಯ ತರಕಾರಿಗಳೇ, ಆದರೆ ಆ ಬಣ್ಣವನ್ನು ನೋಡಿ ಪಾಲಿಫಿನಾಲ್ ಎಂದು ಲೆಕ್ಕ ಬರೆಯುವಂತಿಲ್ಲ.

ಕಾಫಿ, ಚಹಾ, ಗ್ರೀನ್ ಟೀ: ಎಷ್ಟು ಮತ್ತು ಯಾವಾಗ

ಪ್ರಮಾಣದ ಲೆಕ್ಕದಲ್ಲಿ ಬಹಳ ಜನರ ಊಹೆಯನ್ನು ಕಾಫಿ ಸುಳ್ಳಾಗಿಸುತ್ತದೆ. ಕಾಫಿಯ ಮುಖ್ಯ ಪಾಲಿಫಿನಾಲ್ ಕ್ಲೋರೋಜೆನಿಕ್ ಆಮ್ಲ. ಒಂದು ಕಪ್ಪಿನಲ್ಲಿ ಸುಮಾರು 70ರಿಂದ 350 ಮಿಲಿಗ್ರಾಂವರೆಗೆ ಅದು ಇರಬಹುದು. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚು, ಹದವಾಗಿ ಹುರಿದದ್ದರಲ್ಲಿ ಕಪ್ಪಗೆ ಹುರಿದದ್ದಕ್ಕಿಂತ ಹೆಚ್ಚು. ಚಿಕೋರಿ ಬೆರೆತಷ್ಟೂ ಕಾಫಿಯ ಪಾಲು ತಗ್ಗುತ್ತದೆ. ನಮ್ಮ ಆಹಾರ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡ 51 ಇದ್ದರೆ ಸಾಕಾಗುತ್ತದೆ, ಆದ್ದರಿಂದ ಪೊಟ್ಟಣದ ಮೇಲಿನ ಆ ಸಣ್ಣಕ್ಷರದ ಶೇಕಡಾವಾರನ್ನು ಓದಿಯೇ ಕೊಳ್ಳಬೇಕು. ಕಣ್ಣೆದುರಿಗೇ ಬೀಜ ಪುಡಿ ಮಾಡಿಕೊಡುವ ಅಂಗಡಿಗಳು ಮೈಸೂರಿನಲ್ಲಿ ಇನ್ನೂ ಇವೆ. ಅಲ್ಲಿ ಎಷ್ಟು ಚಿಕೋರಿ ಬೇಕೆಂದು, ಬೇಡವೇ ಬೇಡವೆಂದೂ, ಹೇಳಿ ಮಾಡಿಸಿಕೊಳ್ಳಬಹುದು.

2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ, 201 ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು, ದಿನಕ್ಕೆ ಮೂರ್ನಾಲ್ಕು ಕಪ್ ಕಾಫಿ ಕುಡಿಯುವವರಲ್ಲಿ ಸಾವಿನ ಮತ್ತು ಹೃದ್ರೋಗದ ಅಪಾಯ ಕುಡಿಯದವರಿಗಿಂತ ಕಡಿಮೆ ಇದ್ದುದನ್ನು ತೋರಿಸಿತು. ಕೆಫೀನ್ ತೆಗೆದ ಕಾಫಿ ಕುಡಿಯುವವರಲ್ಲಿಯೂ ಎರಡನೆಯ ವಿಧದ ಮಧುಮೇಹ ಕಡಿಮೆ ಕಂಡುಬರುವುದರಿಂದ, ಕೆಫೀನ್ ಅಲ್ಲದ ಅಂಶಗಳಿಗೂ ಇದರಲ್ಲಿ ಪಾತ್ರವಿರಬಹುದೆಂಬ ಅನುಮಾನ ಬಲವಾಗಿದೆ. ಗರ್ಭಿಣಿಯರಿಗೆ ಈ ಮಾತು ಅನ್ವಯಿಸದು. ಅದೇ ಸಮೀಕ್ಷೆ ಅವರಲ್ಲಿ ಹಾನಿಯ ಸೂಚನೆಗಳನ್ನು ಕಂಡಿದೆ. ಮತ್ತೊಂದು ಸಂಗತಿಯೆಂದರೆ ಈ ಅಧ್ಯಯನಗಳ ಕಪ್ಪಿನಲ್ಲಿ ಇದ್ದದ್ದು ನಮ್ಮ ಲೋಟದಲ್ಲಿರುವಂತೆ ಹಾಲು ಮತ್ತು ಎರಡು ಚಮಚ ಸಕ್ಕರೆ ಬೆರೆಸಿದ ಪಾನೀಯವೇ ಆಗಿರಬೇಕೆಂದಿಲ್ಲ. ಹಾಲಿನ ಪ್ರೋಟೀನು ಪಾಲಿಫಿನಾಲ್‌ಗೆ ಅಂಟಿಕೊಳ್ಳುವುದು ನಿಜವಾದರೂ, ಅದರಿಂದ ಪ್ರಯೋಜನವೆಲ್ಲ ಹಾಳಾಗುತ್ತದೆಯೇ ಎಂಬ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಸಕ್ಕರೆಯ ಬಗ್ಗೆ ಅಂಥ ಗೊಂದಲವಿಲ್ಲ, ಅದನ್ನು ಕಡಿಮೆ ಮಾಡುವುದೇ ಲೇಸು.

ಗ್ರೀನ್ ಟೀಯಲ್ಲಿ ಕ್ಯಾಟೆಚಿನ್‌ಗಳು ಹಾಗೆಯೇ ಉಳಿದಿರುತ್ತವೆ. ಕಪ್ಪು ಚಹಾ ತಯಾರಿಸುವಾಗ ಎಲೆ ಗಾಳಿಗೆ ಒಡ್ಡಿಕೊಂಡು ಅವುಗಳಲ್ಲಿ ಬಹುಪಾಲು ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ಬೇರೆ ಪಾಲಿಫಿನಾಲ್‌ಗಳಾಗುತ್ತವೆ. ಹಾಗಾಗಿ ಸಾಧಾರಣ ಚಹಾ ನಿಷ್ಪ್ರಯೋಜಕ, ಹಸಿರು ಚಹಾ ಅಮೃತ ಎಂಬ ವಿಂಗಡಣೆಗೆ ಆಧಾರ ಕಡಿಮೆ. ಗ್ರೀನ್ ಟೀಯ ರುಚಿ ಹಿಡಿಸದಿದ್ದರೆ ಮೂಗು ಮುಚ್ಚಿಕೊಂಡು ಕುಡಿಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಕಾಫಿಯ ಮನೆಗೆ ಕಾಫಿಯೇ ಸಾಕು.

ಯಾವುದು ಎಂಬುದಕ್ಕಿಂತ ಯಾವಾಗ ಎಂಬುದು ಇಲ್ಲಿ ಹೆಚ್ಚಿನ ಪ್ರಶ್ನೆ. ಪಾಲಿಫಿನಾಲ್‌ಗಳು ಸಸ್ಯಾಹಾರದ ಕಬ್ಬಿಣವನ್ನು ಕರುಳಿನಲ್ಲಿ ಕಟ್ಟಿಹಾಕುತ್ತವೆ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಊಟದ ಜೊತೆಗೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇಕಡ 39ರಷ್ಟು, ಚಹಾ ಶೇಕಡ 64ರಷ್ಟು ತಗ್ಗಿಸಿದವು. ಕಾಫಿಯನ್ನು ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಏನೂ ಅಡ್ಡಿಯಾಗಲಿಲ್ಲ. ಊಟವಾದ ಒಂದು ಗಂಟೆಗೆ ಕುಡಿದಾಗ ಜೊತೆಗೆ ಕುಡಿದಷ್ಟೇ ಅಡ್ಡಿಯಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಂಥ ಸ್ಥಿತಿಯಲ್ಲಿ ಇಡ್ಲಿಯೋ ದೋಸೆಯೋ ತಿಂದ ಕೈಯಲ್ಲೇ ಕಾಫಿ ಲೋಟ ಹಿಡಿಯುವ ನಮ್ಮ ಪದ್ಧತಿಯೂ, ಮಧ್ಯಾಹ್ನದ ಊಟದ ಬೆನ್ನಿಗೇ ಬರುವ ಚಹಾವೂ ಪಾಲಿಫಿನಾಲ್‌ನ ಲಾಭಕ್ಕಿಂತ ದೊಡ್ಡ ನಷ್ಟವನ್ನು ಮಾಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಗಳು ಊಟಕ್ಕೆ ಮೊದಲೂ ನಂತರವೂ ಕನಿಷ್ಠ ಒಂದು ಗಂಟೆ ಕಾಫಿ-ಚಹಾ ಬೇಡವೆನ್ನುತ್ತವೆ, ದಿನದ ಕೆಫೀನ್ 300 ಮಿಲಿಗ್ರಾಂ ಮೀರಬಾರದೆನ್ನುತ್ತವೆ. ಎದ್ದ ಕೂಡಲೇ ಒಂದು ಲೋಟ ಕುಡಿದು, ತಿಂಡಿಯ ನಂತರದ್ದನ್ನು ಹನ್ನೊಂದು ಗಂಟೆಗೆ ತಳ್ಳುವುದು ಹೆಚ್ಚಿನ ಮನೆಗಳಲ್ಲಿ ಸಾಧ್ಯವಿರುವ ಬದಲಾವಣೆ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗುವುದಂತೂ ಕೂಡದು.

ಹಣ್ಣುಗಳು, ಬೆಲ್ಲ

ನೆಲ್ಲಿಕಾಯಿಗೆ ಈ ಪಟ್ಟಿಯಲ್ಲಿ ವಿಶೇಷ ಸ್ಥಾನವಿರುವುದು ಅದರ ಟ್ಯಾನಿನ್‌ಗಳಿಗಾಗಿ ಮಾತ್ರವಲ್ಲದೆ ವಿಟಮಿನ್ ಸಿಗಾಗಿ. ಹಳೆಯ ಪಟ್ಟಿಗಳಲ್ಲಿ 100 ಗ್ರಾಂಗೆ 600 ಮಿಲಿಗ್ರಾಂ ಎಂದಿದ್ದದ್ದು 2017ರ ಪಟ್ಟಿಯಲ್ಲಿ ಸುಮಾರು 250ಕ್ಕೆ ಇಳಿದಿದೆ. ಆದರೂ ಒಂದು ಬೆಟ್ಟದ ನೆಲ್ಲಿಕಾಯಿಯಿಂದ ಸಿಗುವುದು ಕಡಿಮೆಯೇನಲ್ಲ. ಪಾಲಿಫಿನಾಲ್ ಕಬ್ಬಿಣವನ್ನು ಕಟ್ಟಿಹಾಕಿದರೆ ವಿಟಮಿನ್ ಸಿ ಅದನ್ನು ಬಿಡಿಸುವ ಕೆಲಸ ಮಾಡುತ್ತದೆ, ಆದ್ದರಿಂದ ಮುದ್ದೆ-ಬಸ್ಸಾರಿನ ಊಟಕ್ಕೆ ನಿಂಬೆ ಹಿಂಡಿದ ಕೋಸಂಬರಿಯೋ, ಒಂದು ಸೀಬೆಹಣ್ಣೋ, ಹಸಿ ನೆಲ್ಲಿಕಾಯಿ ಚಟ್ನಿಯೋ ಜೊತೆಯಾಗುವುದು ಅತ್ಯಂತ ಸಮರ್ಪಕ. ನೆಲ್ಲಿಯ ರೂಪಗಳನ್ನು ಹೋಲಿಸಿದರೆ ದೇವರಾಜ ಮಾರುಕಟ್ಟೆಯಲ್ಲಿ ರಾಶಿ ಹಾಕಿರುವ ಹಸಿ ಕಾಯಿಯೇ ಮೊದಲನೆಯದು. ಅಡಿಕೆ ಚೂರಿನಂತೆ ಒಣಗಿಸಿದ ನೆಲ್ಲಿ ಚೂರುಗಳಲ್ಲಿ ವಿಟಮಿನ್ ಒಂದಿಷ್ಟು ನಷ್ಟವಾಗಿದ್ದರೂ ಟ್ಯಾನಿನ್‌ಗಳು ಉಳಿದಿರುತ್ತವೆ. ಮೊರಬ್ಬದಲ್ಲಿ ಸಕ್ಕರೆಯೇ ಮೇಲುಗೈ, ಉಪ್ಪಿನಕಾಯಿಯಲ್ಲಿ ಉಪ್ಪು. ಬಾಟಲಿ ರಸ ಕೊಳ್ಳುವವರು ಅದರ ಹಿಂಬದಿಯಲ್ಲಿ ಸಕ್ಕರೆ ಎಷ್ಟೆಂದು ನೋಡಬೇಕು.

ನೇರಳೆ ಹಣ್ಣಿನ ಆಂಥೋಸಯಾನಿನ್ ಎಂಬ ಬಣ್ಣದ ಪಾಲಿಫಿನಾಲ್‌ಗಳು ಸಿಪ್ಪೆ ಮತ್ತು ತಿರುಳಿನಲ್ಲಿವೆ, ನಾಲಿಗೆಯನ್ನು ನೀಲಿಯಾಗಿಸುವುದು ಅವೇ. ಜೂನ್-ಜುಲೈನಲ್ಲಿ ಸಿಗುವಷ್ಟು ದಿನ ತಿನ್ನಬಹುದಾದ ಸೊಗಸಾದ ಹಣ್ಣು ಅದು. ಬೀಜದ ಪುಡಿಯ ವಿಷಯವೇ ಬೇರೆ: ಇಲಿಗಳಲ್ಲಿ ರಕ್ತದ ಸಕ್ಕರೆಯನ್ನು ಇಳಿಸಿದ ವರದಿಗಳು ಬಹಳಷ್ಟಿವೆ, ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಸಣ್ಣವು. ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸುವುದು ಅಪಾಯಕಾರಿ, ವೈದ್ಯರಿಗೆ ತಿಳಿಸದೆ ಎರಡನ್ನೂ ಸೇರಿಸುವುದೂ ಸರಿಯಲ್ಲ. ದಾಳಿಂಬೆಯಲ್ಲಿರುವ ಪ್ಯೂನಿಕಲಾಜಿನ್ ಎಂಬ ಪಾಲಿಫಿನಾಲ್ ಕರುಳಿನ ಬ್ಯಾಕ್ಟೀರಿಯಾಗಳಿಂದ ಯುರೋಲಿಥಿನ್ ಎಂಬ ಸಣ್ಣ ಸಂಯುಕ್ತಗಳಾಗಿ ಬದಲಾದ ಮೇಲೆಯೇ ರಕ್ತಕ್ಕೆ ಸೇರುತ್ತದೆ, ಆ ಬ್ಯಾಕ್ಟೀರಿಯಾಗಳು ಎಲ್ಲರಲ್ಲಿಯೂ ಇರುವುದಿಲ್ಲ. ಒಬ್ಬರಿಗೆ ಕೆಲಸ ಮಾಡಿದ್ದು ಪಕ್ಕದ ಮನೆಯವರಿಗೆ ಮಾಡದಿರುವುದಕ್ಕೆ ಇದೂ ಒಂದು ಕಾರಣ. ಯಾವ ಹಣ್ಣಾದರೂ ಸೋಸಿದ ರಸಕ್ಕಿಂತ ಇಡಿಯಾಗಿ ತಿನ್ನುವುದು ಮೇಲು.

ಮಂಡ್ಯದವರು ಬೆಲ್ಲವನ್ನು ಬಿಟ್ಟುಕೊಡಲಾರರು, ಆದ್ದರಿಂದ ಅದರ ಬಗ್ಗೆಯೂ ಹೇಳಬೇಕು. ಕಬ್ಬಿನ ರಸದ ಪಾಲಿಫಿನಾಲ್‌ಗಳು ಬೆಲ್ಲದಲ್ಲಿ ಕೊಂಚ ಉಳಿದಿರುತ್ತವೆ, ಬಿಳಿ ಸಕ್ಕರೆಯಲ್ಲಿ ಬಹುತೇಕ ಇಲ್ಲ. ಆಲೆಮನೆಯಲ್ಲಿ ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕಿ ಹೊನ್ನಿನ ಬಣ್ಣ ಬರಿಸಿದ ಅಚ್ಚಿಗಿಂತ, ಬೆಂಡೆ ಗಿಡದ ಲೋಳೆಯಿಂದ ಕೊಳೆ ತೆಗೆದು ಬೇಯಿಸಿದ ಕಂದು ಬೆಲ್ಲವನ್ನು ಆರಿಸುವುದು ಒಳ್ಳೆಯದು. ಎರಡೂ ಹೆಚ್ಚಿನ ಪಾಲು ಸಕ್ಕರೆಯೇ, ಪಾಲಿಫಿನಾಲ್‌ನ ನೆಪದಲ್ಲಿ ಬೆಲ್ಲ ತಿನ್ನುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಅಡುಗೆಮನೆಯ ಅರಿಶಿನ ಮತ್ತು ಅಂಗಡಿಯ ಕ್ಯಾಪ್ಸೂಲ್

ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಸುಮಾರು ಶೇಕಡ 3ರಷ್ಟು, ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ 20 ಮಿಲಿಗ್ರಾಂ ಪಿಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇಕಡ 2000ದಷ್ಟು ಏರಿತು. ಇಂದು ಮಾರಾಟವಾಗುವ ಬಹಳಷ್ಟು ಕರ್ಕ್ಯುಮಿನ್ ಕ್ಯಾಪ್ಸೂಲ್‌ಗಳಲ್ಲಿ ಪಿಪರಿನ್ ಸೇರಿರುವುದಕ್ಕೆ ಇದೇ ಮೂಲ. ಆದರೆ ಪಿಪರಿನ್ ಹೀಗೆ ಸಹಾಯ ಮಾಡುವುದು ಶರೀರವು ವಸ್ತುಗಳನ್ನು ವಿಸರ್ಜಿಸುವ ವ್ಯವಸ್ಥೆಯನ್ನು ನಿಧಾನಗೊಳಿಸಿ. ಅದರಿಂದ ಜೊತೆಗೆ ತೆಗೆದುಕೊಳ್ಳುವ ಇತರ ಔಷಧಿಗಳ ಮಟ್ಟವೂ ಏರಬಹುದು. ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ಅಮೆರಿಕ ಮತ್ತು ಇಟಲಿಯಲ್ಲಿ ದಾಖಲಾಗಿವೆ, ಅವುಗಳಲ್ಲಿ ಕೆಲವು ಪಿಪರಿನ್ ಬೆರೆಸಿದವು. ಮೆಣಸಿನ ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಈ ಪ್ರಮಾಣಗಳಿಗೂ ಹೋಲಿಕೆಯೇ ಇಲ್ಲ.

ಗ್ರೀನ್ ಟೀ ಸಾರದ ಮಾತ್ರೆಗಳಲ್ಲಿಯೂ ಇದೇ ವ್ಯತ್ಯಾಸ ಕಾಣುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಪರಿಶೀಲಿಸಿದಂತೆ, ಚಹಾ ಕುದಿಸಿ ಕುಡಿಯುವವರಿಗೆ ಇಜಿಸಿಜಿ ಎಂಬ ಕ್ಯಾಟೆಚಿನ್ ದಿನಕ್ಕೆ ಸರಾಸರಿ 90ರಿಂದ 300 ಮಿಲಿಗ್ರಾಂ ಸಿಗುತ್ತದೆ, ಅದು ಸಾಮಾನ್ಯವಾಗಿ ಸುರಕ್ಷಿತ. ಪೂರಕಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡವರಲ್ಲಿ ಯಕೃತ್ತಿನ ಕಿಣ್ವಗಳು ಏರಿದವು. ಖಾಲಿ ಹೊಟ್ಟೆಯಲ್ಲಿ, ತೂಕ ಇಳಿಸುವ ಆತುರದಲ್ಲಿ ಇಂಥ ಮಾತ್ರೆ ನುಂಗುವವರು ಈ ಅಂಕಿಯನ್ನು ನೆನಪಿಡಬೇಕು.

ಪೂರಕಗಳಲ್ಲಿ ಅತ್ಯಂತ ಗಂಭೀರವಾದ ಪರೀಕ್ಷೆಗೆ ಒಳಗಾದದ್ದು ಕೋಕೋ ಬೀಜದ ಫ್ಲೇವನಾಲ್ ಎಂಬ ಪಾಲಿಫಿನಾಲ್. ಅಮೆರಿಕದಲ್ಲಿ 21,442 ಮಂದಿಯ ಮೇಲೆ ನಡೆದು 2022ರಲ್ಲಿ ಫಲಿತಾಂಶ ಪ್ರಕಟವಾದ ಕಾಸ್ಮಾಸ್ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಕೊಡಲಾಯಿತು. ಒಟ್ಟು ಹೃದಯ-ರಕ್ತನಾಳದ ತೊಂದರೆಗಳಲ್ಲಿ ಖಚಿತವಾದ ಇಳಿಕೆ ಸಾಬೀತಾಗಲಿಲ್ಲ, ಹೃದ್ರೋಗದ ಸಾವುಗಳು ಮಾತ್ರ ಶೇಕಡ 27ರಷ್ಟು ಕಡಿಮೆಯಾದವು. ಎರಡನೆಯದು ಪ್ರಯೋಗದ ಮುಖ್ಯ ಪ್ರಶ್ನೆಯಾಗಿರಲಿಲ್ಲವಾದ್ದರಿಂದ ಸಂಶೋಧಕರೇ ಎಚ್ಚರಿಕೆಯಿಂದ ಓದಿ ಎಂದಿದ್ದಾರೆ. ಇಷ್ಟು ದೊಡ್ಡ ಪ್ರಯೋಗದ ಗತಿಯೇ ಇದಾದರೆ, ದ್ರಾಕ್ಷಿ ಬೀಜ ಮತ್ತು ರೆಸ್ವೆರಟ್ರಾಲ್ ಮಾತ್ರೆಗಳ ಡಬ್ಬದ ಮೇಲಿನ ಭರವಸೆಗೆ ಎಷ್ಟು ಬೆಲೆ ಕಟ್ಟಬೇಕೆಂದು ಓದುಗರೇ ಊಹಿಸಬಹುದು. ಅಂದಹಾಗೆ ಸಿಹಿ ಚಾಕೊಲೇಟ್ ಬಾರು ಇದಕ್ಕೆ ಪರ್ಯಾಯವಲ್ಲ, ಸಂಸ್ಕರಣೆಯಲ್ಲಿ ಫ್ಲೇವನಾಲ್ ಬಹುಪಾಲು ಹೋಗಿರುತ್ತದೆ.

ವೈದ್ಯರು ಕಾರಣ ನೋಡಿ ಒಂದು ಪೂರಕವನ್ನು ಬರೆದುಕೊಟ್ಟಿದ್ದರೆ, ಕೊಳ್ಳುವಾಗ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ, ಒಂದು ಮಾತ್ರೆಯಲ್ಲಿರುವ ಸಕ್ರಿಯ ಅಂಶದ ಮಿಲಿಗ್ರಾಂ, ಮತ್ತು ಔಷಧಿಯಾಗಿ ಬಳಸುವಂತಿಲ್ಲವೆಂಬ ಕಡ್ಡಾಯ ಸೂಚನೆ ಇವೆಯೇ ಎಂದು ನೋಡಬೇಕು. ಸಾರದ ಒಟ್ಟು ತೂಕವನ್ನು ಬರೆದು ಸಕ್ರಿಯ ಅಂಶವನ್ನು ಮುಚ್ಚಿಡುವ ಡಬ್ಬಗಳನ್ನು ಬಿಡುವುದು ಲೇಸು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆಯಿರುವವರು, ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಈ ಮಾತ್ರೆಗಳನ್ನು ತಮ್ಮಷ್ಟಕ್ಕೆ ಶುರು ಮಾಡಬಾರದು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ತಾವು ಸೇವಿಸುತ್ತಿರುವ ಪುಡಿ, ಕಷಾಯ, ಕ್ಯಾಪ್ಸೂಲ್‌ಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅರಿವಳಿಕೆ ತಜ್ಞರಿಗೆ ಮೊದಲೇ ತೋರಿಸಬೇಕು.